ರ‍್ಯಾಮ್ ನಿಧಾನವಾದರೆ ಪ್ರೊಸೆಸರ್ ಎಷ್ಟು ಸೊರಗುತ್ತದೆ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ರೈಜನ್ 5 5600 ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟ್‌ಗಳ ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್‌ಗಳಿವೆ. ಡಬ್ಬದ ಮೇಲೆ 3200, ಸಿಎಲ್16 ಎಂದು ಬರೆದಿದೆ. ಆದರೆ ಟಾಸ್ಕ್ ಮ್ಯಾನೇಜರ್ 2133 ತೋರಿಸುತ್ತದೆ. ಸಿಪಿಯು-ಝಡ್ ತಂತ್ರಾಂಶವಂತೂ 1066 ಎನ್ನುತ್ತದೆ! ಸ್ಟಿಕ್‌ಗಳನ್ನು ಪ್ರೊಸೆಸರ್‌ಗೆ ಹತ್ತಿರದ ಮೊದಲ ಎರಡು ಸ್ಲಾಟ್‌ಗಳಲ್ಲಿ ಅಕ್ಕಪಕ್ಕ ಹಾಕಿದ್ದೇನೆ. ಆಟ ಆಡುವಾಗ ನಡುನಡುವೆ ಚಿತ್ರ ತಡವರಿಸುತ್ತದೆ, ಆಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ. 60ಕ್ಕೆ ಇಳಿದಿರುತ್ತದೆ. ವಿಡಿಯೊ ಎಡಿಟಿಂಗ್ ಕೂಡ ಮಾಡುತ್ತೇನೆ. ರ‍್ಯಾಮ್ ಅರ್ಧ ವೇಗದಲ್ಲಿದ್ದರೆ ಪ್ರೊಸೆಸರ್ರೂ ಅರ್ಧ ಕೆಲಸವನ್ನೇ ಮಾಡುತ್ತದೆ, 4000ದ ರ‍್ಯಾಮ್ ತಗೋ ಎನ್ನುತ್ತಾನೆ ಒಬ್ಬ ಗೆಳೆಯ. ಎಕ್ಸ್‌ಎಂಪಿ ಆನ್ ಮಾಡಿದರೆ ಪ್ರೊಸೆಸರ್ ಸುಟ್ಟುಹೋದೀತು ಎಂದು ಇನ್ನೊಬ್ಬ ಹೆದರಿಸುತ್ತಾನೆ. ಹಳೆಯ ಕಂಪ್ಯೂಟರಿನಿಂದ ತೆಗೆದ 2666ರ ಎರಡು 8 ಜಿಬಿ ಸ್ಟಿಕ್‌ಗಳೂ ಇವೆ, ಅವನ್ನು ಸೇರಿಸಬಹುದೇ?

ಉತ್ತರ: ನಿಮ್ಮನ್ನು ಹೆಚ್ಚು ಗಾಬರಿಪಡಿಸಿರುವುದು 1066 ಎಂಬ ಸಂಖ್ಯೆ. ಅದು ಏನೂ ಕೆಡುಕು ಮಾಡದ ಸಂಖ್ಯೆ. ನೀವು ಮಾತಿನ ನಡುವೆ ಹೇಳಿ ಮುಂದೆ ಹೋದ 'ಅಕ್ಕಪಕ್ಕ ಹಾಕಿದ್ದೇನೆ' ಎಂಬ ಎರಡು ಪದಗಳಲ್ಲೇ ದೊಡ್ಡ ನಷ್ಟ ಅಡಗಿದೆ. ಹೊಸದೇನನ್ನೂ ಕೊಳ್ಳದೆ ಅದನ್ನು ಸರಿಪಡಿಸಬಹುದು.

ಮೊದಲು 1066ರ ವಿಷಯ ಮುಗಿಸೋಣ. ಡಿಡಿಆರ್ ಮೆಮೊರಿ ಗಡಿಯಾರದ ಒಂದೊಂದು ಬಡಿತಕ್ಕೂ ಎರಡು ಸಲ ದತ್ತಾಂಶ ಕಳಿಸುತ್ತದೆ, ಬಡಿತ ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ. ಸಿಪಿಯು-ಝಡ್ ತೋರಿಸುವುದು ಗಡಿಯಾರದ ನಿಜವಾದ ವೇಗ. ಟಾಸ್ಕ್ ಮ್ಯಾನೇಜರ್ ಮತ್ತು ಡಬ್ಬದ ಮೇಲಿನ ಚೀಟಿ ತೋರಿಸುವುದು ಸೆಕೆಂಡಿಗೆ ಎಷ್ಟು ದಶಲಕ್ಷ ವರ್ಗಾವಣೆ ಎಂಬ ಲೆಕ್ಕ. 1066ರ ಇಮ್ಮಡಿ ಹೆಚ್ಚುಕಡಿಮೆ 2133, ಹಾಗಾಗಿ ಎರಡೂ ಒಂದೇ ಮಾತು. ಎಲ್ಲವೂ ಸರಿಯಾದ ಮೇಲೂ ಸಿಪಿಯು-ಝಡ್ 1600 ಎಂದೇ ತೋರಿಸುತ್ತದೆ, ಆಗ ಮತ್ತೆ ಗಾಬರಿಯಾಗಬೇಡಿ.

2133 ಮಾತ್ರ ನಿಜವಾದ ಕೊರತೆ. ಹಾಗೆಂದು ಸ್ಟಿಕ್ ಕೆಟ್ಟಿಲ್ಲ, ಮಾರಿದವರು ಮೋಸ ಮಾಡಿಯೂ ಇಲ್ಲ. ಯಾವ ಬೋರ್ಡಿಗೆ ಹಾಕಿದರೂ ಕಂಪ್ಯೂಟರ್ ಏಳಲೇಬೇಕೆಂದು ಸ್ಟಿಕ್‌ನೊಳಗಿನ ಪುಟ್ಟ ಚಿಪ್‌ನಲ್ಲಿ ಜೆಡೆಕ್ (ಮೆಮೊರಿ ಮಾನದಂಡ ನಿಗದಿ ಮಾಡುವ ಸಂಸ್ಥೆ) ಮಾನದಂಡದ ಒಂದು ನಿಧಾನ ವೇಗ ಬರೆದಿರುತ್ತದೆ. ಡಬ್ಬದ ಮೇಲಿನ 3200, ಅದಕ್ಕೆ ಬೇಕಾದ ಟೈಮಿಂಗ್ (ಎಷ್ಟು ಬಡಿತ ಕಾಯಬೇಕೆಂಬ ಲೆಕ್ಕ) ಮತ್ತು 1.35 ವೋಲ್ಟ್ ಅದೇ ಚಿಪ್‌ನಲ್ಲಿ ಎಕ್ಸ್‌ಎಂಪಿ ಎಂಬ ಬೇರೆ ಪ್ರೊಫೈಲ್ ಆಗಿ ಕೂತಿರುತ್ತವೆ. ವಿಂಡೋಸ್‌ಗೂ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ನಾವಾಗಿಯೇ ಅದನ್ನು ಆರಿಸುವ ತನಕ ಬೋರ್ಡ್ ಅದರ ತಂಟೆಗೆ ಹೋಗುವುದಿಲ್ಲ.

ಇನ್ನು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ನಾಲ್ಕು ಸ್ಲಾಟ್‌ಗಳ ಹೆಸರು ಸಾಮಾನ್ಯವಾಗಿ ಎ1, ಎ2, ಬಿ1, ಬಿ2. ಎ ಒಂದು ಚಾನೆಲ್, ಅಂದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ಒಂದು ದಾರಿ, ಬಿ ಇನ್ನೊಂದು. ನೀವು ಎರಡೂ ಸ್ಟಿಕ್‌ಗಳನ್ನು ಎ ಚಾನೆಲ್‌ಗೇ ತುರುಕಿದ್ದೀರಿ, ಬಿ ಖಾಲಿ ಬಿದ್ದಿದೆ. ಒಂದು ಚಾನೆಲ್ 64 ಬಿಟ್ ಅಗಲ, ಅಂದರೆ ಪ್ರತಿ ವರ್ಗಾವಣೆಗೆ 8 ಬೈಟ್. 2133 ವೇಗದಲ್ಲಿ ಒಂದೇ ಚಾನೆಲ್ ಎಂದರೆ ಸೆಕೆಂಡಿಗೆ ಗರಿಷ್ಠ ಸುಮಾರು 17 ಜಿಬಿ. 3200 ವೇಗದಲ್ಲಿ ಎರಡು ಚಾನೆಲ್ ಇದ್ದರೆ 51.2 ಜಿಬಿ. ಅಂದರೆ ನಿಮ್ಮಲ್ಲಿ ಈಗಾಗಲೇ ಇರುವ ಸಾಮಾನಿನಿಂದ ಸಿಗಬೇಕಾದ ಬ್ಯಾಂಡ್‌ವಿಡ್ತ್‌ನ ಮೂರನೇ ಒಂದು ಪಾಲು ಮಾತ್ರ ಸಿಗುತ್ತಿದೆ.

ಹಾಗಾದರೆ ಪ್ರೊಸೆಸರ್ ಅರ್ಧ ಕೆಲಸ ಮಾಡುತ್ತಿದೆಯೇ? ಇಲ್ಲ. ರ‍್ಯಾಮ್ ಯಾವ ವೇಗದಲ್ಲಿದ್ದರೂ 5600 ತನ್ನ 4.4 ಗಿಗಾಹರ್ಟ್ಸ್ ಬೂಸ್ಟ್ ವೇಗದವರೆಗೆ ಓಡುತ್ತದೆ. ಓಡುವಾಗ ಎಷ್ಟು ಹೊತ್ತು ಬರಿಗೈಲಿ ಕಾಯುತ್ತದೆ ಎಂಬುದಷ್ಟೇ ಬದಲಾಗುವುದು. ಪ್ರೊಸೆಸರ್‌ನೊಳಗೇ ಕ್ಯಾಶ್ ಎಂಬ ಪುಟ್ಟ, ಚುರುಕಿನ ಮೆಮೊರಿ ಮೂರು ಹಂತಗಳಲ್ಲಿದೆ. ಎಲ್1 ಕ್ಯಾಶ್‌ನಲ್ಲಿ ಇರುವುದನ್ನು ತರಲು ನಾಲ್ಕು ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ಸಾಕು, ಎಲ್2ಗೆ ಹನ್ನೆರಡು, 32 ಎಂಬಿಯ ಎಲ್3ಗೆ ನಲವತ್ತರ ಮೇಲೆ. ಅಲ್ಲೆಲ್ಲೂ ಸಿಗದೆ ರ‍್ಯಾಮ್‌ವರೆಗೆ ಹೋಗಬೇಕಾಗಿ ಬಂದರೆ, ಎಲ್ಲ ಚೆನ್ನಾಗಿ ಹೊಂದಿಸಿದ ಯಂತ್ರದಲ್ಲೂ 70 ನ್ಯಾನೊಸೆಕೆಂಡ್ ಆಸುಪಾಸು ಹಿಡಿಯುತ್ತದೆ. 4.4 ಗಿಗಾಹರ್ಟ್ಸ್‌ನಲ್ಲಿ ಅದು 300ಕ್ಕೂ ಹೆಚ್ಚು ಸೈಕಲ್. ಮುಂದೆ ಏನು ಬೇಕಾದೀತು ಎಂದು ಊಹಿಸಿ ಮೊದಲೇ ತರಿಸಿಟ್ಟುಕೊಳ್ಳುವ ಜಾಣ್ಮೆ ಪ್ರೊಸೆಸರ್‌ಗಿದೆ, ಒಂದು ಕೆಲಸ ಕಾಯುವಾಗ ಇನ್ನೊಂದನ್ನು ಮುಗಿಸುವ ಶಕ್ತಿಯೂ ಇದೆ. ಊಹೆ ತಪ್ಪಿದಾಗ ಮಾತ್ರ ಕಾಯದೆ ವಿಧಿಯಿಲ್ಲ.

ಇಲ್ಲೊಂದು ಬಲೆಯಿದೆ, ಅನುಭವವುಳ್ಳವರೂ ಬೀಳುತ್ತಾರೆ. ಕೋರ್ ಹೀಗೆ ಮೆಮೊರಿಗಾಗಿ ಕಾಯುವ ಹೊತ್ತನ್ನೂ ಟಾಸ್ಕ್ ಮ್ಯಾನೇಜರ್ 'ಕೆಲಸ ಮಾಡುತ್ತಿದೆ' ಎಂದೇ ಲೆಕ್ಕ ಹಾಕುತ್ತದೆ. ಸಿಪಿಯು ಬಳಕೆ ಶೇ. 90 ಎಂದು ಕಂಡರೆ ಅದರಲ್ಲಿ ನಿಜವಾದ ದುಡಿಮೆ ಎಷ್ಟು, ಕಾಯುವಿಕೆ ಎಷ್ಟು ಎಂದು ಆ ಪರದೆಯಿಂದ ತಿಳಿಯುವುದಿಲ್ಲ. ಪ್ರೊಸೆಸರ್ ಸಾಲದು ಎಂದುಕೊಂಡು ಹೊಸದನ್ನು ಕೊಂಡು, ಅದೇ ತಪ್ಪು ಸ್ಲಾಟಿನ ರ‍್ಯಾಮ್ ಜೊತೆ ಓಡಿಸುವವರಿದ್ದಾರೆ.

ಎಲ್ಲ ಕೆಲಸಕ್ಕೂ ರ‍್ಯಾಮ್ ವೇಗ ಒಂದೇ ಸಮನೆ ಬೇಕಾಗುವುದಿಲ್ಲ. ಸಿನೆಬೆಂಚ್‌ನಂಥ ರೆಂಡರಿಂಗ್ ಪರೀಕ್ಷೆ ಬಹುಪಾಲು ಕ್ಯಾಶ್‌ನೊಳಗೇ ಮುಗಿಯುವುದರಿಂದ ಅಲ್ಲಿ 2133 ಇರಲಿ 3600 ಇರಲಿ ಅಂಕ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಅದೊಂದನ್ನೇ ಅಳೆದು 'ರ‍್ಯಾಮ್ ವೇಗ ಎಲ್ಲ ಸುಳ್ಳು' ಎನ್ನುವವರ ಮಾತು ಕೇಳಬೇಡಿ. ಬ್ರೌಸರ್, ಕಚೇರಿಯ ಕಡತಗಳಲ್ಲೂ ವ್ಯತ್ಯಾಸ ಕಣ್ಣಿಗೆ ಬೀಳದು. ದೊಡ್ಡ ಕಡತಗಳನ್ನು 7-ಜಿಪ್‌ನಲ್ಲಿ ಕುಗ್ಗಿಸುವಾಗ ಚೆನ್ನಾಗಿಯೇ ಕಾಣುತ್ತದೆ. ಆಟಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಶೇ. 97-98ರಲ್ಲಿ ಕೂತಿದ್ದರೆ ಇಕ್ಕಟ್ಟು ಕಾರ್ಡಿನದು, ರ‍್ಯಾಮ್ ಬದಲಿಸಿ ಉಪಯೋಗವಿಲ್ಲ. ನಿಮ್ಮ ಕಾರ್ಡ್ ಶೇ. 60ಕ್ಕೆ ಇಳಿಯುತ್ತಿದೆ ಎಂದರೆ ಪ್ರೊಸೆಸರ್ ಕಡೆಯಿಂದ ಅದಕ್ಕೆ ಸಾಕಷ್ಟು ಕೆಲಸ ಬರುತ್ತಿಲ್ಲ ಎಂದರ್ಥ. ಆಟಗಳ ಒಳಗಿನ ಲೆಕ್ಕಾಚಾರ ಮೆಮೊರಿಯಲ್ಲಿ ಅಲ್ಲಲ್ಲಿ ಚದುರಿರುವ ಚಿಕ್ಕ ಚಿಕ್ಕ ದತ್ತಾಂಶಗಳನ್ನು ಹುಡುಕುವುದರಿಂದ ಪ್ರೊಸೆಸರ್‌ನ ಊಹೆ ಹೆಚ್ಚಾಗಿ ಕೈಕೊಡುವುದೂ ಅಲ್ಲೇ. 2133 ಒಂಟಿ ಚಾನೆಲ್‌ನಿಂದ 3200 ಜೋಡಿ ಚಾನೆಲ್‌ಗೆ ಬಂದಾಗ ಇಂಥ ಆಟಗಳಲ್ಲಿ ಎರಡಂಕಿಯ ಶೇಕಡಾವಾರು ಏರಿಕೆ ಅಚ್ಚರಿಯಲ್ಲ. ಸರಾಸರಿ ಫ್ರೇಮ್‌ಗಿಂತ ಆ ತಡವರಿಕೆ ತಗ್ಗುವುದೇ ಮೊದಲು ನಿಮ್ಮ ಅರಿವಿಗೆ ಬರುತ್ತದೆ.

ರೈಜನ್‌ನಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಕೋರ್‌ಗಳಿರುವ ತುಂಡು ಬೇರೆ, ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಇರುವ ತುಂಡು ಬೇರೆ. ನಡುವಿನ ದಾರಿ ಇನ್ಫಿನಿಟಿ ಫ್ಯಾಬ್ರಿಕ್. ನಾವಾಗಿ ಬೇರೆ ಹೇಳದಿದ್ದರೆ ಈ ಪೀಳಿಗೆಯಲ್ಲಿ ಫ್ಯಾಬ್ರಿಕ್ ವೇಗ ರ‍್ಯಾಮ್ ಗಡಿಯಾರದ ಜೊತೆಗೇ ಹೆಜ್ಜೆ ಹಾಕುತ್ತದೆ. ರ‍್ಯಾಮ್ ಏರಿದರೆ ದಾರಿಯೂ ಚುರುಕಾಗುತ್ತದೆ. 4000ದ ಸಲಹೆ ಎಡವುವುದೂ ಇಲ್ಲೇ. 4000ಕ್ಕೆ ಸರಿಜೋಡಿಯಾಗಿ ಫ್ಯಾಬ್ರಿಕ್ 2000 ಮೆಗಾಹರ್ಟ್ಸ್‌ಗೆ ಏರಬೇಕು. ರೈಜನ್ 5000 ಸರಣಿಯ ಹೆಚ್ಚಿನ ಚಿಪ್‌ಗಳು 1800ನ್ನು ನಿರಾಯಾಸವಾಗಿ ತಾಳುತ್ತವೆ, 1900 ಅದೃಷ್ಟವಿದ್ದರೆ. ಅದರಾಚೆ ಬೋರ್ಡ್ ಸದ್ದಿಲ್ಲದೆ ಕಂಟ್ರೋಲರ್ ವೇಗವನ್ನು ರ‍್ಯಾಮ್‌ನ ಅರ್ಧಕ್ಕೆ ಇಳಿಸುತ್ತದೆ, ವಿಳಂಬ ಹತ್ತು ನ್ಯಾನೊಸೆಕೆಂಡ್ ಆಸುಪಾಸು ಏರುತ್ತದೆ. ಆಗ ಹೆಚ್ಚು ಹಣ ಕೊಟ್ಟ 4000, ಸಾಧಾರಣ 3600ಕ್ಕಿಂತ ಆಟಗಳಲ್ಲಿ ಹಿಂದೆ ಬೀಳುವುದುಂಟು. ಹಟ ಹಿಡಿದು 2000ಕ್ಕೆ ಏರಿಸಿದವರು ವಿಂಡೋಸ್‌ನ ದೋಷಪಟ್ಟಿಯಾದ ಈವೆಂಟ್ ವ್ಯೂವರ್ ತೆರೆದು ನೋಡಬೇಕು. ಅಲ್ಲಿ ವೀಆ-ಲಾಗರ್ (WHEA-Logger) ಹೆಸರಿನ 19ನೇ ಸಂಖ್ಯೆಯ ಎಚ್ಚರಿಕೆಗಳು ಸಾಲುಗಟ್ಟಿದ್ದರೆ ಫ್ಯಾಬ್ರಿಕ್ ತಪ್ಪು ಮಾಡಿ ತಿದ್ದಿಕೊಂಡು ತೆವಳುತ್ತಿದೆ ಎಂದೇ ಅರ್ಥ.

ವೇಗದ ಸಂಖ್ಯೆಯ ಜೊತೆ ಸಿಎಲ್ ಕೂಡ ನೋಡಬೇಕು. ಕೇಳಿದ ದತ್ತಾಂಶ ಕೊಡಲು ರ‍್ಯಾಮ್ ಎಷ್ಟು ಬಡಿತ ತೆಗೆದುಕೊಳ್ಳುತ್ತದೆ ಎಂಬುದೇ ಸಿಎಲ್. ಸಿಎಲ್ ಅನ್ನು 2000ದಿಂದ ಗುಣಿಸಿ ರ‍್ಯಾಮ್ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. 3200 ಸಿಎಲ್16 ಎಂದರೆ 10. 3600 ಸಿಎಲ್18 ಎಂದರೂ 10. 3200 ಸಿಎಲ್22 ಎಂದರೆ 13.75, ಅಂದರೆ ಚೀಟಿಯಲ್ಲಿ 3200 ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ತಮಾಷೆಯೆಂದರೆ ಡಿಡಿಆರ್-400 ಸಿಎಲ್2 ಕೂಡ 10, ಡಿಡಿಆರ್5-6000 ಸಿಎಲ್30 ಕೂಡ 10! ಪೀಳಿಗೆಗಳು ಉರುಳಿದರೂ ಮೆಮೊರಿ ಕೋಶ ಉತ್ತರ ಕೊಡುವ ಹೊತ್ತು ಅಷ್ಟೇ ಇದೆ, ಹೆಚ್ಚಿರುವುದು ಒಮ್ಮೆಗೆ ಸಾಗಿಸುವ ಪ್ರಮಾಣ ಮಾತ್ರ.

ಈಗ ಕೈಕೆಲಸ. ಮುಖ್ಯ ಕಡತಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ, ಕಾರಣ ಮುಂದೆ ಹೇಳುತ್ತೇನೆ. ಕಂಪ್ಯೂಟರ್ ಆರಿಸಿ, ಹಿಂಬದಿಯ ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ ವೈರ್ ಕೀಳಿ, ಮುಂದಿನ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಹರಿದುಹೋಗಲಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಆಮೇಲೆ ಸ್ಟಿಕ್ ಮುಟ್ಟಿ. ಎರಡನ್ನೂ ತೆಗೆದು ಪ್ರೊಸೆಸರ್‌ನಿಂದ ಎಣಿಸಿದಾಗ ಬರುವ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಒಂದು ಮತ್ತು ಮೂರು ಹಾಕಿದರೂ ಜೋಡಿ ಚಾನೆಲ್ ಸಿಗುತ್ತದೆ. ಆದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ತಂತಿಗಳು ಕೊನೆಗೊಳ್ಳುವುದು ಎರಡು ಮತ್ತು ನಾಲ್ಕರಲ್ಲಿ. ತುದಿಯ ಸ್ಲಾಟ್ ಖಾಲಿ ಬಿಟ್ಟರೆ ಸಂಕೇತ ಅಲ್ಲಿಂದ ಪ್ರತಿಫಲಿಸಿ ಬಂದು ಹೆಚ್ಚಿನ ವೇಗದಲ್ಲಿ ತೊಡಕಾಗುತ್ತದೆ. ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರ ಬೇರೆ ಹೇಳಿದರೆ ಅದನ್ನೇ ನಂಬಿ. ಕ್ಲಿಪ್ 'ಟಕ್' ಎನ್ನುವವರೆಗೆ ಎರಡೂ ತುದಿ ಸಮನಾಗಿ ಒತ್ತಿ. ಅರ್ಧ ಕೂತ ಸ್ಟಿಕ್‌ನಿಂದಲೇ 'ಆನ್ ಆಗುತ್ತೆ, ಪರದೆ ಬರಲ್ಲ' ಎಂಬ ದೂರು ಹೆಚ್ಚು.

ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತ ಬಯೋಸ್‌ಗೆ ಹೋಗಿ. ಎಕ್ಸ್‌ಎಂಪಿ, ಎ-ಎಕ್ಸ್‌ಎಂಪಿ ಅಥವಾ ಡಿಓಸಿಪಿ, ತಯಾರಕರನ್ನು ಅವಲಂಬಿಸಿ ಇವುಗಳಲ್ಲಿ ಒಂದು ಹೆಸರು ಕಾಣುತ್ತದೆ. ಮೊದಲ ಪ್ರೊಫೈಲ್ ಆರಿಸಿ. ವೇಗ 3200, ವೋಲ್ಟೇಜ್ 1.35, ಮೊದಲ ಟೈಮಿಂಗ್ 16 ಎಂದು ಬಂದಿದೆಯೇ ನೋಡಿ. ಫ್ಯಾಬ್ರಿಕ್ ಆಟೊದಲ್ಲೇ ಇರಲಿ, ಅದು 1600ಕ್ಕೆ ಹೋಗುತ್ತದೆ. ಎಫ್10 ಒತ್ತಿ ಉಳಿಸಿ. ಇದಾದ ಮೇಲೆ ಪರದೆ ಕಪ್ಪಾಗಿ, ಯಂತ್ರ ತಾನೇ ಎರಡು ಮೂರು ಸಲ ಆರಿ ಹತ್ತಬಹುದು. ಬೋರ್ಡ್ ಮೆಮೊರಿಯ ಸಂಕೇತಗಳನ್ನು ಹೊಂದಿಸಿಕೊಳ್ಳುವ ಕ್ರಮ ಅದು, ನಡುವೆ ಕರೆಂಟ್ ಕೀಳಬೇಡಿ. ಐದಾರು ನಿಮಿಷವಾದರೂ ಏನೂ ಬಾರದಿದ್ದರೆ ಸಿಮೋಸ್ (ಬಯೋಸ್ ಸೆಟ್ಟಿಂಗ್‌ಗಳ ನೆನಪು) ಅಳಿಸಿ. ಆರಿಸಿ ವೈರ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಎಲ್ಲ ಹಳೆಯ ಸ್ಥಿತಿಗೆ ಬರುತ್ತದೆ.

ವಿಂಡೋಸ್ ಏರಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ 3200, ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ 1600, ಚಾನೆಲ್ ಎಂಬಲ್ಲಿ 'ಡ್ಯುಯಲ್' ಅಥವಾ ಹೊಸ ಆವೃತ್ತಿಯಾದರೆ '2 x 64-ಬಿಟ್' ಕಾಣಬೇಕು. ಐಡಾ64ನಂಥ ತಂತ್ರಾಂಶದಲ್ಲಿ ಅಳೆದಾಗ ಬರೆಯುವ ವೇಗ ಓದುವ ವೇಗದ ಅರ್ಧದಷ್ಟೇ ಬಂದರೆ ದೋಷ ಹುಡುಕಲು ಹೋಗಬೇಡಿ. ಒಂದೇ ಕೋರ್-ತುಂಡಿನ ರೈಜನ್‌ಗಳಲ್ಲಿ ಫ್ಯಾಬ್ರಿಕ್ ಓದಲು 32 ಬೈಟ್, ಬರೆಯಲು 16 ಬೈಟ್ ಅಗಲವಿರುವುದರಿಂದ ಹಾಗಾಗುತ್ತದೆ.

ನಿಜವಾದ ಅಪಾಯ ಸುಡುವುದರಲ್ಲಿಲ್ಲ, ಸದ್ದಿಲ್ಲದೆ ತಪ್ಪು ದತ್ತಾಂಶ ಬರೆಯುವುದರಲ್ಲಿದೆ. ಅಂಚಿನಲ್ಲಿ ಓಡುವ ರ‍್ಯಾಮ್ ಒಂದು ಬಿಟ್ ತಪ್ಪಿದರೂ ಕಂಪ್ಯೂಟರ್ ನಿಲ್ಲಬೇಕೆಂದಿಲ್ಲ. ಆ ತಪ್ಪು ನಿಮ್ಮ ವಿಡಿಯೊ ಪ್ರಾಜೆಕ್ಟ್ ಒಳಗೆ ಸೇರಿ ಡಿಸ್ಕ್‌ಗೆ ಹೋಗಿರುತ್ತದೆ. ಕಡತ ನಕಲು ಮಾಡಿಟ್ಟುಕೊಳ್ಳಿ ಎಂದದ್ದು ಅದಕ್ಕೇ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯೆಲ್ಲ ನಾಲ್ಕು ಸುತ್ತು ಓಡಿಸಿ. ಆಮೇಲೆ ವಿಂಡೋಸ್ ಒಳಗೆ ಓಸಿಸಿಟಿ ಅಥವಾ ಟೆಸ್ಟ್‌ಮೆಮ್5 ಒಂದೆರಡು ಗಂಟೆ ಓಡಲಿ. ಒಂದೇ ಒಂದು ದೋಷ ಬಂದರೂ ಅದು ಹೆಚ್ಚೇ. ಮೊದಲು ಬಯೋಸ್ ಹೊಸ ಆವೃತ್ತಿಗೆ ತನ್ನಿ, ಬಿ450ರಲ್ಲಿ ಅಷ್ಟಕ್ಕೇ ಬಗೆಹರಿಯುವುದು ಅಪರೂಪವಲ್ಲ. ಇಲ್ಲದಿದ್ದರೆ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.1ಕ್ಕೆ ನಿಗದಿ ಮಾಡಿ, 1.2 ದಾಟಬೇಡಿ. ಆಗಲೂ ದೋಷ ಬಂದರೆ 3000ಕ್ಕೆ ಇಳಿಸಿ. ಪೂರಾ ಸ್ಥಿರವಾದ 3000, ಆಗಾಗ ತಪ್ಪುವ 3200ಕ್ಕಿಂತ ಎಷ್ಟೋ ಮೇಲು. ಜೋಡಿಯ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿದರೆ ದೋಷ ಯಾವುದರದೆಂದು ತಿಳಿಯುತ್ತದೆ. ಸ್ಟಿಕ್ ತನ್ನ ಚೀಟಿಯ ವೇಗವನ್ನೇ ತಾಳದಿದ್ದರೆ ವಾರಂಟಿಗೆ ಕಳಿಸಿ.

ಪ್ರೊಸೆಸರ್ ಸುಡುತ್ತದೆ ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟವು. ಡಿಡಿಆರ್5 ಪ್ರೊಫೈಲ್ ಆನ್ ಮಾಡಿದಾಗ ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದವು, ಎಎಂಡಿ ಅದಕ್ಕೆ 1.3 ವೋಲ್ಟ್‌ನ ಮಿತಿ ಹಾಕಿತು. ಅದು ಬೇರೆ ಪೀಳಿಗೆ, ಬೇರೆ ಸಾಕೆಟ್. ನಿಮ್ಮ 5600ಗೆ ಎಎಂಡಿ ಅಧಿಕೃತವಾಗಿ ಹೇಳಿರುವ ವೇಗವೇ 3200. ಹಾಗಾಗಿ ಎಕ್ಸ್‌ಎಂಪಿ ಎಂಬ ಹೆಸರು ಭಯ ಹುಟ್ಟಿಸಿದರೂ ಇಲ್ಲಿ ಕಂಟ್ರೋಲರ್ ತನ್ನ ಘೋಷಿತ ವೇಗದೊಳಗೇ ಇರುತ್ತದೆ.

3600ಕ್ಕೆ ಹೋದರೆ ಆ ಗೆರೆ ದಾಟಿದಂತೆ. ನಿಮ್ಮ ಸ್ಟಿಕ್‌ಗಳನ್ನೇ ಕೈಯಾರೆ 3600, ಸಿಎಲ್18ಕ್ಕೆ ಏರಿಸಿ ನೋಡಬಹುದು, ಹಲವು ಸ್ಟಿಕ್‌ಗಳು ಒಗ್ಗುತ್ತವೆ. ಪರೀಕ್ಷೆಗೆ ರಾತ್ರಿಗಳನ್ನು ಕೊಡುವ ತಾಳ್ಮೆ ಇದ್ದರೆ ಸರಿ. ಸಿಗುವುದು ಆಟಗಳಲ್ಲಿ ಎರಡರಿಂದ ನಾಲ್ಕು ಶೇಕಡಾ, ಹಲವೆಡೆ ಅದೂ ಇಲ್ಲ. ಇಷ್ಟಕ್ಕಾಗಿ ಹೊಸ ಜೋಡಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಹಳೆಯ 2666 ಸ್ಟಿಕ್‌ಗಳ ಪ್ರಶ್ನೆ ಹೆಚ್ಚು ಸೂಕ್ಷ್ಮ. ಸೇರಿಸಿದರೆ ನಾಲ್ಕೂ ಅತಿ ನಿಧಾನದ ಸ್ಟಿಕ್‌ನ ವೇಗಕ್ಕೆ, ಅತಿ ಸಡಿಲ ಟೈಮಿಂಗ್‌ಗೆ ಇಳಿಯುತ್ತವೆ. ನಾಲ್ಕು ಸ್ಲಾಟ್ ತುಂಬಿದರೆ ಎಎಂಡಿ ಹೇಳುವ ಮಿತಿಯೇ ಸಿಂಗಲ್ ರ‍್ಯಾಂಕ್ (ಚಿಪ್‌ಗಳ ಒಂದೇ ಗುಂಪಿರುವ) ಸ್ಟಿಕ್‌ಗಳಿಗೆ 2933, ಡ್ಯುಯಲ್ ರ‍್ಯಾಂಕ್‌ಗೆ (ಎರಡು ಗುಂಪಿರುವ) 2667. ಬರೀ ಆಟಕ್ಕಾದರೆ ಸೇರಿಸಬೇಡಿ ಎನ್ನುತ್ತಿದ್ದೆ. ಆದರೆ ನೀವು ವಿಡಿಯೊ ಎಡಿಟ್ ಮಾಡುತ್ತೀರಿ, 4ಕೆ ತುಣುಕುಗಳಿಗೆ 16 ಜಿಬಿ ಬೇಗ ತುಂಬುತ್ತದೆ. ತುಂಬಿದ ಮೇಲೆ ವಿಂಡೋಸ್ ಎಸ್‌ಎಸ್‌ಡಿಗೆ ಬದಲಾಯಿಸಿಕೊಳ್ಳತೊಡಗುತ್ತದೆ. ಅಲ್ಲಿಂದ ಮರಳಿ ತರಲು ಹಿಡಿಯುವುದು ಹತ್ತಾರು ಮೈಕ್ರೊಸೆಕೆಂಡ್, ಅಂದರೆ ರ‍್ಯಾಮ್‌ಗಿಂತ ನೂರಾರು ಪಟ್ಟು ನಿಧಾನ. ಆ ಸ್ಥಿತಿಯಲ್ಲಿ 2666ರ 32 ಜಿಬಿ, 3200ರ 16 ಜಿಬಿಯನ್ನು ಸುಲಭವಾಗಿ ಸೋಲಿಸುತ್ತದೆ. ನಿಮ್ಮ ಅತಿ ಭಾರದ ಪ್ರಾಜೆಕ್ಟ್ ತೆರೆದಿಟ್ಟು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ 'ಕಮಿಟೆಡ್' ಸಂಖ್ಯೆ (ಎಲ್ಲ ತಂತ್ರಾಂಶಗಳು ಒಟ್ಟು ಕೇಳಿರುವ ಮೆಮೊರಿ) ನೋಡಿ. ಅದು 16 ಜಿಬಿಯನ್ನು ತೀರಾ ಮೀರಿದ್ದು, ಬಳಕೆಯೂ ಶೇ. 90ರ ಮೇಲೆ ನಿಂತಿದ್ದರೆ ಸಾಮರ್ಥ್ಯವೇ ನಿಮ್ಮ ಕೊರತೆ. ಆಗ ತಾತ್ಕಾಲಿಕವಾಗಿ ನಾಲ್ಕನ್ನೂ ಹಾಕಿ, ಎಕ್ಸ್‌ಎಂಪಿ ಬಿಟ್ಟು 2666 ಎಂದು ಕೈಯಾರೆ ಕೊಡಿ, ಒಂದೇ ಬಗೆಯ ಜೋಡಿ ಎ2-ಬಿ2ರಲ್ಲಿ, ಇನ್ನೊಂದು ಎ1-ಬಿ1ರಲ್ಲಿ ಇರಲಿ. ಕೊಳ್ಳುವ ಮನಸ್ಸಿದ್ದರೆ 16 ಜಿಬಿಯ ಎರಡು ಸ್ಟಿಕ್ ಒಂದೇ ಪೊಟ್ಟಣದಲ್ಲಿ ಬರುವ 3200 ಸಿಎಲ್16 ಅಥವಾ 3600 ಸಿಎಲ್18 ತನ್ನಿ. ಬಿಡಿಬಿಡಿಯಾಗಿ ಒಂದೇ ಮಾದರಿ ಕೊಂಡರೂ ಒಳಗಿನ ಚಿಪ್ ಬೇರೆ ಬೇರೆ ಇರುವುದುಂಟು.

ಇದೇ ತೊಂದರೆಯಿರುವ ಬೇರೆ ಯಂತ್ರದವರು ಒಂದು ಮಾತು ಗಮನಿಸಬೇಕು. ಇಂಟೆಲ್ 10ನೇ ಪೀಳಿಗೆಯ ಎಚ್410, ಬಿ460 ಬೋರ್ಡ್‌ಗಳಲ್ಲಿ ಐ5 ಪ್ರೊಸೆಸರ್‌ಗೆ 2666ರ ಬೀಗವಿದೆ, ಯಾವ ರ‍್ಯಾಮ್ ಹಾಕಿದರೂ ಅದರ ಮೇಲೆ ಏರದು. 5600ಜಿಯಂತೆ ಒಳಗೇ ಗ್ರಾಫಿಕ್ಸ್ ಇರುವ ಚಿಪ್‌ಗಳು ರ‍್ಯಾಮನ್ನೇ ವಿಡಿಯೊ ಮೆಮೊರಿಯಾಗಿ ಬಳಸುವುದರಿಂದ ಅಲ್ಲಿ ಒಂಟಿ ಚಾನೆಲ್ ಎಂಬುದು ನಿಮಗೆ ಆಗುತ್ತಿರುವುದಕ್ಕಿಂತ ದೊಡ್ಡ ಪೆಟ್ಟು.

ಇಷ್ಟೆಲ್ಲ ಮಾಡಿದ ಮೇಲೂ ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ಶೇ. 60ರಲ್ಲೇ ತೂಗಾಡಿದರೆ ಇನ್ನಷ್ಟು ವೇಗದ ರ‍್ಯಾಮ್ ಹುಡುಕಬೇಡಿ. ಡಿಡಿಆರ್5 ನಿಮ್ಮ ಬೋರ್ಡಿಗೆ ಕೂರುವುದೇ ಇಲ್ಲ, ಸ್ಲಾಟಿನ ಕಚ್ಚೇ ಬೇರೆ. ಅದಕ್ಕೆ ಬೋರ್ಡ್, ಪ್ರೊಸೆಸರ್ ಎರಡೂ ಬದಲಾಗಬೇಕು. ಅದೇ ಸಾಕೆಟ್‌ಗೆ ಹೊಂದುವ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ 96 ಎಂಬಿ ಇದೆ, ನಿಮ್ಮದರ ಮೂರು ಪಟ್ಟು. ರ‍್ಯಾಮ್‌ವರೆಗೆ ಹೋಗುವ ಪ್ರಸಂಗವೇ ಕಡಿಮೆಯಾಗುವುದರಿಂದ ಅವು ರ‍್ಯಾಮ್ ವೇಗಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, 3200 ಸಾಕು. ಹಾಗೆ ಬದಲಿಸುವುದಾದರೆ ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಹೊಸ ಚಿಪ್ಪನ್ನು ಗುರುತಿಸುವ ಬಯೋಸ್ ಹಾಕಿಕೊಳ್ಳಿ. ಕಿತ್ತ ಮೇಲೆ ಹೊಳೆದರೆ ಮತ್ತೆ 5600 ಕೂರಿಸಿ, ಪೇಸ್ಟ್ ಒರೆಸಿ, ಮೊದಲಿನಿಂದ ಆರಂಭಿಸಬೇಕಾಗುತ್ತದೆ.